ಯಂತ್ರದ ಜ್ವರ

ಜ್ವರ ಬಂದವರ ಕಂಕುಳಲ್ಲಿ ಮಾಪಕವನ್ನಿಟ್ಟು ನೋಡುವಾಗ ಅದು ಹೇಳುವುದು ಆ ಮೈಯ ಕಾವನ್ನೇ ಎಂಬುದರಲ್ಲಿ ಯಾರಿಗೂ ಸಂದೇಹ ಹುಟ್ಟುವುದಿಲ್ಲ. ಇಟ್ಟವರು ನಾವೇ, ಇಟ್ಟ ಜಾಗವೂ ಕಣ್ಣೆದುರಿಗೇ ಇದೆ. ಮನೆಯ ಕಂಪ್ಯೂಟರಿನ ಒಳಗೂ ಇಂಥ ಮಾಪಕಗಳು ಐದಾರು ಇವೆ. ಅವಕ್ಕೆ ಸೆನ್ಸರುಗಳೆಂದು ಹೆಸರು. ಆದರೆ ಅವು ಯಾವುದರ ಕಂಕುಳಲ್ಲಿ ಕುಳಿತಿವೆಯೋ ನಮಗೆ ಕಾಣುವುದಿಲ್ಲ, ಅಂಕಿ ಮಾತ್ರ ಕಾಣುತ್ತದೆ. ಆ ಅಂಕಿಯನ್ನು ಒಳಗಿನಿಂದ ಹೊತ್ತು ತರುವ ದೂತನನ್ನು ಡ್ರೈವರ್ ಎನ್ನುತ್ತಾರೆ. ಕಾರು ನಡೆಸುವವನಿಗೂ ಇವನಿಗೂ ಹೆಸರಿನ ನಂಟು ಮಾತ್ರ.

ಹಲಸೂರಿನ ನಮ್ಮ ಮನೆಯ ಹಳೆಯ ಕಂಪ್ಯೂಟರು ಈ ಬೇಸಿಗೆಯಲ್ಲಿ ಕೆಲಸದ ನಡುವೆ ತಟಕ್ಕನೆ ಆರಿಹೋಗತೊಡಗಿತು. ಬೇರೆ ಸಮಯದಲ್ಲಾಗಿದ್ದರೆ ಅದನ್ನು ಮೂಲೆಗೆ ಸರಿಸಿ ಸುಮ್ಮನಿರಬಹುದಾಗಿತ್ತು. ಆದರೆ ಆಗ ನಮ್ಮಾಕೆ ತನ್ನ ತಾಯಿಯವರ ಹಾಡುಗಳನ್ನು ಕ್ಯಾಸೆಟ್ಟಿನಿಂದ ಅದಕ್ಕೆ ಇಳಿಸುತ್ತಿದ್ದಳು. ಹಸೆಯ ಹಾಡು, ಆರತಿಯ ಹಾಡು, ಬೀಗರ ಹಾಡು, ಹೀಗೆ ಹದಿನಾಲ್ಕು ಕ್ಯಾಸೆಟ್ಟು. ಹಾಡಿದವರು ಈಗಿಲ್ಲ. ಟೇಪಿನ ಕಂದು ಲೇಪ ಪುಡಿಯಾಗಿ ಉದುರುತ್ತಿತ್ತು. ಇನ್ನೆಷ್ಟು ಸಲ ಓಡಿಸಿದರೆ ತಾಳೀತೆಂದು ಹೇಳುವ ಹಾಗಿರಲಿಲ್ಲ. ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಯಂತ್ರವಾದರೋ ಇಪ್ಪತ್ತನೆಯ ನಿಮಿಷಕ್ಕೇ ಕಣ್ಣು ಮುಚ್ಚುತ್ತಿತ್ತು. ಪ್ರತಿ ಸಲವೂ ಮೊದಲಿನಿಂದ ಓಡಿಸಬೇಕು, ಪ್ರತಿ ಸಲವೂ ಅತ್ತೆಯವರ ದನಿಯಲ್ಲಿ ಒಂದಿಷ್ಟು ಸವೆಯಬೇಕು. ಮೂರನೆಯ ಸಲ ನಿಂತಾಗ ಆಕೆ ಕ್ಯಾಸೆಟ್ಟನ್ನು ತೆಗೆದು ಸೆರಗಿನಲ್ಲಿ ಒರೆಸಿ, "ಇನ್ನು ಬೇಡಾಂದ್ರೆ, ಇರೋದಾದರೂ ಇರಲಿ" ಎಂದಳು.

ರಿಪೇರಿಯ ಅಂಗಡಿಯೊಂದಕ್ಕೆ ಒಯ್ದೆ. ಹುಡುಗನು ಮುಚ್ಚಳ ಬಿಚ್ಚಿ, ಐದು ನಿಮಿಷ ನಡೆಸಿ ನೋಡಿ, "ಬೋರ್ಡ್ ಹೋಗಿದೆ ಸರ್, ಹೊಸದೇ ತಗೊಂಡುಬಿಡಿ" ಎಂದನು. ಏತರಿಂದ ತಿಳಿಯಿತೆಂದು ಕೇಳಿದರೆ ಉತ್ತರವಿಲ್ಲ.

ಇಲ್ಲಿ ನನ್ನ ಹಳೆಯ ಕಸುಬಿನ ಮಾತನ್ನು ಸ್ವಲ್ಪ ಹೇಳಬೇಕು. ೧೯೫೬ರಲ್ಲಿ ಜರ್ಮನಿಯ ಎ.ಇ.ಜಿ. ಕಂಪೆನಿಯ ಸಹಕಾರದಿಂದ ಬೈಯಪ್ಪನಹಳ್ಳಿಯಲ್ಲಿ ಆರಂಭವಾಗಿ, ೨೦೦೨ರಲ್ಲಿ ಬಾಗಿಲು ಮುಚ್ಚಿದ ಎನ್.ಜಿ.ಇ.ಎಫ್. ಕಾರ್ಖಾನೆಯಲ್ಲಿ ನಾನು ಕೊನೆಯವರೆಗೂ ಇದ್ದವನು. ಅಲ್ಲಿ ಟ್ರಾನ್ಸ್‌ಫಾರ್ಮರುಗಳಾಗುತ್ತಿದ್ದವು. ಒಳಗಿನ ಎಣ್ಣೆಯ ಕಾವನ್ನು ಅಳೆಯುವುದಕ್ಕೆ ಅದರ ಮುಚ್ಚಳದಲ್ಲಿ ಸಣ್ಣದೊಂದು ಲೋಹದ ಗೂಡಿರುತ್ತದೆ. ಮಾಪಕದ ಬುಡ್ಡಿಯನ್ನು ಅದರಲ್ಲಿಳಿಸಿ, ಗೂಡಿಗೂ ಎಣ್ಣೆ ತುಂಬಬೇಕು. ತುಂಬದೆ ಬಿಟ್ಟರೆ ಬುಡ್ಡಿಯ ಸುತ್ತ ಬರೀ ಗಾಳಿ ನಿಂತು, ಒಳಗೆ ಎಣ್ಣೆ ಕಾದು ಕುಳಿತಿದ್ದರೂ ಮುಳ್ಳು ತಣ್ಣನೆಯ ಅಂಕಿಯನ್ನೇ ತೋರಿಸುತ್ತದೆ. ನಮ್ಮ ಫೋರ್‌ಮನ್ನರು ಹಲಸೂರಿನವರೇ, ಮನೆಮಾತು ತಮಿಳು. ಹೊಸಬರು ಗೇಜಿನ ಮುಂದೆ ನಿಂತು ಅಂಕಿ ಬರೆದುಕೊಳ್ಳಹೊರಟರೆ, "ಮುಳ್ಳು ಆಮೇಲೆ ನೋಡಪ್ಪಾ, ಮೊದಲು ಗೂಡು ನೋಡು" ಎನ್ನುತ್ತಿದ್ದರು. ಅಂಗಡಿಯ ಹುಡುಗನು ಮುಳ್ಳನ್ನೂ ನೋಡಿರಲಿಲ್ಲ.

ಕೆ.ಆರ್. ಪುರದಲ್ಲಿರುವ ನನ್ನ ತಂಗಿಯ ಮಗಳು ಇದೇ ವಿದ್ಯೆಯಲ್ಲಿ ಕೆಲಸಮಾಡುವವಳು. ಭಾನುವಾರ ಬಂದು, ಲಿನಕ್ಸ್ ಎಂಬ ವ್ಯವಸ್ಥೆಯನ್ನು ಹೂಡಿ, 'ಸೆನ್ಸರ್ಸ್' ಎಂದು ಬರೆದಳು. ಪ್ರೊಸೆಸರಿನ ಕಾವು ನಲವತ್ತೊಂದು ಎಂದು ಬಂತು. "ಇದನ್ನು ಪೂರ್ತಿ ನಂಬಬೇಡಿ ಮಾವ" ಎಂದಳು. ಕಾರಣ ಹೇಳಿದಾಗ ನನಗೆ ಬಹಳ ಸ್ವಾರಸ್ಯವೆನಿಸಿತು. ನಮ್ಮಲ್ಲಿರುವಂಥ ಇಂಟೆಲ್ ಪ್ರೊಸೆಸರು ತನ್ನ ಕಾವೆಷ್ಟೆಂದು ಹೇಳುವುದೇ ಇಲ್ಲವಂತೆ. ಅಪಾಯದ ಗೆರೆಗೆ ಇನ್ನೆಷ್ಟು ದೂರವಿದೆ ಎಂದಷ್ಟೇ ಹೇಳುತ್ತದೆ. 'ಕೋರ್‌ಟೆಂಪ್' ಎಂಬ ಡ್ರೈವರು ಆ ದೂರವನ್ನು ಗೆರೆಯ ಅಂಕಿಯಿಂದ, ಅನೇಕ ಪ್ರೊಸೆಸರುಗಳಲ್ಲಿ ನೂರರಿಂದ, ಕಳೆದು ನಮಗೆ ತೋರಿಸುತ್ತದೆ. ಬಾವಿಗೆ ಹಗ್ಗ ಬಿಟ್ಟು, ಕಟ್ಟೆಯಿಂದ ನೀರಿನವರೆಗಿನ ಬರಿಯ ಜಾಗವನ್ನು ಅಳೆದ ಹಾಗೆ: ಬಾವಿಯ ಆಳ ತಿಳಿಯದಿದ್ದರೆ ನೀರೆಷ್ಟಿದೆಯೆಂದು ಹೇಳಲಾಗದು. ಗೆರೆಯ ಹತ್ತಿರ ಬಂದಾಗ ಲೆಕ್ಕ ಸರಿ, ದೂರವಿದ್ದಾಗ ಅಂದಾಜು.

ಫ್ಯಾನಿನ ಸುದ್ದಿಯೇ ಇರಲಿಲ್ಲ. ಅದು ಬೋರ್ಡಿನ ಮೇಲಿನ ಇನ್ನೊಂದು ಚಿಪ್ಪಿನ ವಶದಲ್ಲಿರುತ್ತದೆ. 'ಸೆನ್ಸರ್ಸ್-ಡಿಟೆಕ್ಟ್' ಎಂಬ ಶೋಧಕವು ಚಿಪ್ಪನ್ನು ಗುರುತಿಸಿ ಡ್ರೈವರಿನ ಹೆಸರನ್ನೂ ಹೇಳಿತು. ಆದರೆ ಡ್ರೈವರನ್ನು ಕರೆದರೆ, ಸ್ಥಳ ಬೇರೊಬ್ಬರ ಉಪಯೋಗದಲ್ಲಿದೆಯೆಂದು ಹಿಂದಿರುಗಿತು. ಕರ್ನೆಲ್ಲಿನ ದಿನಚರಿಯನ್ನು ತೆಗೆದು ನೋಡಲಾಗಿ, ಬೋರ್ಡಿನ ಸ್ವಂತ ಫರ್ಮ್‌ವೇರು ಅದೇ ವಿಳಾಸವನ್ನು ತನ್ನದೆಂದು ಹಿಡಿದುಕೊಂಡಿತ್ತು. ಒಂದೇ ಖಾತೆಪುಸ್ತಕವನ್ನು ಇಬ್ಬರು ಗುಮಾಸ್ತರು ತಿರುವಿಹಾಕಿದರೆ, ಒಬ್ಬನು ಪುಟ ತೆಗೆದಿಟ್ಟು ಓದುವಷ್ಟರಲ್ಲಿ ಇನ್ನೊಬ್ಬನು ಮಗುಚಿರುತ್ತಾನೆ. ಆದಕಾರಣ ಕರ್ನೆಲ್ಲು ಎರಡನೆಯವನನ್ನು ಒಳಗೆ ಬಿಡುವುದಿಲ್ಲ. ಈ ಕಟ್ಟನ್ನು ಸಡಿಲಿಸಲು ಒಂದು ಸೂತ್ರವಿದೆ. ಅಪಾಯವುಂಟು, ಕ್ಯಾಸೆಟ್ಟು ಓಡದ ಹೊತ್ತಿನಲ್ಲಿ, ಇಳಿಸಿದ್ದ ಹಾಡುಗಳನ್ನು ಬೇರೆಡೆಗೆ ನಕಲುಮಾಡಿಕೊಂಡು, ಆ ಒಂದು ಸಲಕ್ಕೆ ಮಾತ್ರ ಎಂದು ಹೂಡಿದಳು.

ಪರದೆಯ ತುಂಬ ಅಂಕಿಗಳು ಬಂದವು. ಮೂರನೆಯ ಸೆನ್ಸರು ೧೨೭ ಡಿಗ್ರಿ ಎಂದಿತು. ನಮ್ಮಾಕೆ ಹೌಹಾರಿ, "ಅಯ್ಯೋ, ನೀರು ಕುದಿಯೋದೇ ನೂರಕ್ಕಲ್ಲವೇನೇ?" ಎಂದಳು. ಹನ್ನೆರಡು ವೋಲ್ಟಿನ ತಂತಿ ಮೂರು ವೋಲ್ಟಿನ ಹತ್ತಿರ ತೋರಿಸುತ್ತಿತ್ತು. ಇವೆರಡೂ ಗೂಡಿನ ಮಾತೇ. ಚಿಪ್ಪಿನ ಆ ಕಾಲಿಗೆ ಯಾವ ಮಾಪಕವನ್ನೂ ಜೋಡಿಸಿಯೇ ಇಲ್ಲ. ಗಾಳಿಯಲ್ಲಿ ತೂಗುವ ಕಾಲು ತನ್ನ ಲೆಕ್ಕದ ತುತ್ತತುದಿಯನ್ನು ಒದರುತ್ತದೆ. ಹನ್ನೆರಡು ವೋಲ್ಟನ್ನು ಚಿಪ್ಪು ತಾಳಲಾರದೆಂದು ನಡುವೆ ರೆಸಿಸ್ಟರುಗಳನ್ನಿಟ್ಟು ಇಳಿಸಿರುತ್ತಾರೆ. ಎಷ್ಟಕ್ಕೆ ಇಳಿಸಿದರೆಂಬುದು ಬೋರ್ಡು ಮಾಡಿದವರಿಗೆ ಗೊತ್ತು, ಡ್ರೈವರಿಗೆ ಗೊತ್ತಿಲ್ಲ.

ಗದ್ದಲದ ನಡುವೆ ಫ್ಯಾನಿನ ಸಾಲು ಮೆಲ್ಲಗೆ ೧೧೦೦ ಸುತ್ತು ಎಂದಿತು. ಯಂತ್ರಕ್ಕೆ ಕೆಲಸ ಕೊಟ್ಟು ನಾನು ಗಡಿಯಾರ ಹಿಡಿದು ಕುಳಿತೆ. ಏಪ್ರಿಲ್ಲಿನ ಮಧ್ಯಾಹ್ನ, ನಮ್ಮ ಬೆಂಗಳೂರು ೨೦೧೬ರ ಏಪ್ರಿಲ್ ೨೪ರಂದು ೩೯.೨ ಡಿಗ್ರಿಗೆ ಏರಿದ ಊರು, ಹಳೆಯ ತಂಪಿನ ಹೆಸರು ಹೆಸರಾಗಿಯೇ ಉಳಿದಿದೆ. ಹತ್ತು ನಿಮಿಷಕ್ಕೆ ೭೦೦, ಹದಿನೈದಕ್ಕೆ ೪೦೦, ಆಮೇಲೆ ಸೊನ್ನೆ. ಸೊನ್ನೆಗೆ ಮೂರರ್ಥವುಂಟು ಎಂದಳು ಸೊಸೆ: ಫ್ಯಾನು ನಿಂತಿರಬಹುದು, ಸುದ್ದಿ ತರುವ ಮೂರನೆಯ ತಂತಿ ಕಡಿದಿರಬಹುದು, ಇಲ್ಲವೆ ಚಿಪ್ಪಿನ ಎಣಿಕೆಗೆ ಸಿಗದಷ್ಟು ನಿಧಾನವಾಗಿರಬಹುದು. ಟಾರ್ಚು ಹಾಕಿ ನೋಡಿದೆವು. ರೆಕ್ಕೆ ನಿಂತಿತ್ತು. ಪ್ರೊಸೆಸರು ಎಂಬತ್ತು, ತೊಂಬತ್ತು, ತೊಂಬತ್ತೆಂಟಕ್ಕೆ ಏರಿತು. ಈಗ ಬಾವಿಯ ಕಟ್ಟೆಯ ಬಳಿಯೇ ಇದ್ದುದರಿಂದ ಅಂಕಿ ನಂಬತಕ್ಕದ್ದು. ಕೂಡಲೇ ಯಂತ್ರವನ್ನು ನಿಲ್ಲಿಸಿದಳು.

ಫ್ಯಾನಿನ ಬೇರಿಂಗಿನ ಎಣ್ಣೆ ಒಣಗಿತ್ತು. ತಣ್ಣಗಿದ್ದಾಗ ತಿರುಗುವುದು, ಕಾದಾಗ ಬಿಗಿಯುವುದು. ಅಂಗಡಿಯ ಐದು ನಿಮಿಷದಲ್ಲಿ ತಿರುಗುತ್ತಲೇ ಇದ್ದಿರಬೇಕು. ಎಸ್.ಪಿ. ರಸ್ತೆಯಲ್ಲಿ ೪೫೦ ರೂಪಾಯಿಗೆ ಹೊಸದು ಸಿಕ್ಕಿತು. ಪ್ರೊಸೆಸರಿನ ಮೇಲೆ ಸುಣ್ಣದ ಹಕ್ಕಳೆಯಂತಾಗಿದ್ದ ಲೇಪವನ್ನು ಒರೆಸಿ ಹೊಸದು ಬಳಿದೆವು. ಸಡಿಲಿಸಿದ ಸೂತ್ರವನ್ನು ಸೊಸೆ ಮರೆಯದೆ ತೆಗೆದಳು. ಆದ್ದರಿಂದ ಫ್ಯಾನಿನ ಅಂಕಿ ಈಗ ಪರದೆಗೆ ಬರುವುದಿಲ್ಲ. ನಾನು ಆಗಾಗ ಕಿವಿಗೊಟ್ಟು ಕೇಳುತ್ತೇನೆ.

ಹನ್ನೊಂದು ಕ್ಯಾಸೆಟ್ಟುಗಳು ಇಳಿದಿವೆ. ಮೂರು ಸಲ ಓಡಿಸಿದ ಆ ಮಗ್ಗುಲಿನಲ್ಲಿ ಒಂದು ಆರತಿಯ ಹಾಡಿನ ನಡುವೆ ದನಿ ಎರಡು ಕಡೆ ಮಸುಕಾಗಿದೆ. ಅಲ್ಲಿ ಬರುವ ಪದಗಳು ನಮ್ಮಾಕೆಗೆ ಬಾಯಿಪಾಠವಿವೆ.