ಚೆಂಡಿನ ಮುಂದೆ ನಿಲ್ಲುವ ಬಗೆ

ಗಾಲ್ಫ್ ಆಟದಲ್ಲಿ ಚೆಂಡು ಆಟಗಾರನನ್ನು ಹುಡುಕಿಕೊಂಡು ಬರುವುದಿಲ್ಲ. ಕ್ರಿಕೆಟ್ಟಿನಲ್ಲಿ ಎಸೆಯುವವನೊಬ್ಬನುಂಟು, ಟೆನ್ನಿಸ್ಸಿನಲ್ಲಿ ಎದುರಾಳಿಯುಂಟು, ಹೊಡೆತ ಕೆಟ್ಟರೆ ಹೊಣೆಯಲ್ಲಿ ಒಂದು ಪಾಲನ್ನು ಅವರಿಗೆ ಹಂಚಿ ಸಮಾಧಾನಪಟ್ಟುಕೊಳ್ಳಬಹುದು. ಇಲ್ಲಿಯಾದರೋ 46 ಗ್ರಾಮಿಗೂ ಒಂದಿಷ್ಟು ಕಡಿಮೆ ತೂಗುವ ಪುಟ್ಟ ಚೆಂಡೊಂದು ಹುಲ್ಲಿನ ಮೇಲೆ ಅಲುಗದೆ ಕುಳಿತಿರುತ್ತದೆ. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳದಿರುವುದು ಲೇಸೆಂದು ಈಗಿನ ನಿಯಮಾವಳಿ ಸಲಹೆ ಕೊಡುತ್ತದೆ. ಕೋಲು ಮೇಲೆದ್ದು ಇಳಿದು ಚೆಂಡಿಗೆ ತಗಲುವುದಕ್ಕೆ ಎರಡು ಸೆಕೆಂಡು ಸಹ ಹಿಡಿಯುವುದಿಲ್ಲ. ಉಳಿದುದೆಲ್ಲ ಗುರಿಯನ್ನು ನೋಡುವುದಕ್ಕೂ ನಿಲ್ಲುವುದಕ್ಕೂ ಸಲ್ಲತಕ್ಕ ಕಾಲ. ನೋಟಕರ ಕಣ್ಣು ಆ ಎರಡು ಸೆಕೆಂಡಿನ ಮೇಲೆಯೇ ನೆಟ್ಟಿರುವುದು ಸಹಜ. ಆದರೆ ಚೆಂಡಿನ ಗತಿಯು ಬಹುಮಟ್ಟಿಗೆ ಅದಕ್ಕೆ ಮೊದಲೇ ನಿಶ್ಚಿತವಾಗಿಬಿಟ್ಟಿರುತ್ತದೆ.

ಇಂಗ್ಲಿಷಿನಲ್ಲಿ ಈ ನಿಲುವಿಗೆ ಚೆಂಡನ್ನು ‘ಅಡ್ರೆಸ್’ ಮಾಡುವುದೆಂದು ಹೆಸರು, ಎಂದರೆ ಸಂಬೋಧಿಸುವುದು. ಜಡವಾದ ಚೆಂಡಿಗೆ ಸಂಬೋಧನೆಯೇ ಎಂದು ವ್ಯಾಕರಣ ಓದಿದವರು ನಗಬಹುದು. ನಗಲಿ. ಸಂಬೋಧನೆಗೆ ಬೇರೊಂದು ವಿಭಕ್ತಿಯನ್ನು ಕಲ್ಪಿಸದೆ ಪ್ರಥಮೆಯಲ್ಲಿಯೇ ಸೇರಿಸಿದ ಪಾಣಿನೀಯರ ವ್ಯವಸ್ಥೆಯನ್ನು ನೆನೆದರೆ, ಈ ಆಟದಲ್ಲಿಯೂ ಸಂಬೋಧನೆಯೇ ಪ್ರಥಮವೆಂದು ಗಾಲ್ಫಿನವರ ಪರವಾಗಿ ವಾದಿಸಲಡ್ಡಿಯಿಲ್ಲ.

ಅಮೆರಿಕದ ಬೆನ್ ಹೋಗನ್ ಎಂಬ ಆಟಗಾರನು 1957ರಲ್ಲಿ ಐದು ಪಾಠಗಳ ಒಂದು ಪುಸ್ತಕವನ್ನು ಪ್ರಕಟಿಸಿದನು. ಮೊದಲನೆಯ ಪಾಠ ಕೋಲನ್ನು ಹಿಡಿಯುವುದನ್ನು ಕುರಿತದ್ದು. ಎರಡನೆಯದು ನಿಲುವನ್ನು ಕುರಿತದ್ದು. ಕೋಲು ಅಲುಗುವುದು ಮೂರನೆಯ ಪಾಠದಲ್ಲಿ! 1949ರಲ್ಲಿ ಆತನ ಮೋಟಾರು ಒಂದು ಬಸ್ಸಿಗೆ ಡಿಕ್ಕಿಯಾಗಿ, ಆತನು ಮತ್ತೆ ನಡೆದಾನೇ ಎಂಬ ಸಂದೇಹವೇ ಹುಟ್ಟಿತ್ತು. ಮರುವರ್ಷವೇ ಆತನು ಅಮೆರಿಕದ ಓಪನ್ ಪಂದ್ಯವನ್ನು ಗೆದ್ದನು. ಕಾಲೂರಿ ನಿಲ್ಲುವುದನ್ನು ಹೊಸದಾಗಿ ಸಾಧಿಸಬೇಕಾಗಿ ಬಂದವನು ನಿಲುವಿಗೊಂದು ಇಡಿಯ ಪಾಠವನ್ನು ಮೀಸಲಿಟ್ಟುದು ಆಶ್ಚರ್ಯವಲ್ಲ.

ನಿಲುವಿನ ಅಂಗಗಳು ಹೇಳುವುದಕ್ಕೆ ಸುಲಭ. ಬಲಗೈ ಆಟಗಾರನ ಎಡಗೈಯಲ್ಲಿ ಕೋಲು ಅಂಗೈಯ ನಡುವೆ ಸಿಕ್ಕಿಕೊಳ್ಳದೆ ಬೆರಳುಗಳ ಬುಡದಲ್ಲಿ ಒರಗಿರಬೇಕು. ಹಿಡಿತ ಜಾರಲೂ ಬಾರದು, ಮಣಿಕಟ್ಟು ಬಿಗಿಯಲೂ ಬಾರದು. ಪಾದಗಳ ನಡುವೆ ಹೆಚ್ಚುಕಡಮೆ ಹೆಗಲಗಲದ ಅಂತರವಿರಬೇಕು. ಡ್ರೈವರೆಂಬ ಉದ್ದನೆಯ ಕೋಲಿಗೆ ತುಸು ಹೆಚ್ಚು, ಗಿಡ್ಡ ಕೋಲಿಗೆ ಕಡಿಮೆ. ಬಗ್ಗುವುದು ಸೊಂಟದ ಕೀಲಿನಿಂದ, ಬೆನ್ನು ಗೂನಾಗಬಾರದು. ಮೊಣಕಾಲು ಸಡಿಲವಾಗಿರಬೇಕು. ಭಾರವು ಹಿಮ್ಮಡಿಯ ಮೇಲೂ ಬೀಳದೆ ಬೆರಳುಗಳ ಮೇಲೂ ಬೀಳದೆ ಪಾದದ ನಡುವೆ ನಿಲ್ಲಬೇಕು. ತೋಳುಗಳು ಹೆಗಲಿನಿಂದ ತಾವಾಗಿಯೇ ಜೋಲಬೇಕು. ಚೆಂಡನ್ನು ಎಟುಕಿಸಿಕೊಳ್ಳಲು ಚಾಚಿದವನು ಆಗಲೇ ಸಮತೋಲವನ್ನು ಕಳೆದುಕೊಂಡನು. ಡ್ರೈವರಿನ ಹೊಡೆತಕ್ಕೆ ಚೆಂಡು ಎಡಹಿಮ್ಮಡಿಯ ಒಳಬದಿಗೆ ನೇರವಾಗಿರಬೇಕು. ಕೋಲು ಇಳಿದು ಮತ್ತೆ ಏಳುವಾಗ ತಗಲಿದರೆ ಚೆಂಡು ದೂರ ಹಾರುತ್ತದೆ. ಗಿಡ್ಡ ಕೋಲು ಇಳಿಯುತ್ತಿರುವಾಗಲೇ ತಗಲಬೇಕಾದುದರಿಂದ ಚೆಂಡು ಪಾದಗಳ ನಡುವಿಗೆ ಬರಬೇಕು.

ಪಾದಗಳನ್ನು ಹೀಗೆ ಅಳೆದಿಡುವುದು ನಮ್ಮ ಹಿಂದಿನವರಿಗೆ ಅಪರಿಚಿತವಾಗಿರಲಿಲ್ಲ. ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಬಾಣಪ್ರಯೋಗಕ್ಕೆ ಮೊದಲು ಸ್ಥಾನಗಳ ನಿರೂಪಣೆಯಿದೆ: ವೈಶಾಖಕ್ಕೆ ಪಾದಗಳ ನಡುವೆ ಮೂರು ಗೇಣು, ಮಂಡಲಕ್ಕೆ ನಾಲ್ಕು, ಆಲೀಢಕ್ಕೆ ಐದು. ಆದರೆ ಬಿಲ್ಲುಗಾರನಿಗೊಂದು ಭಾಗ್ಯವುಂಟು. ಬಾಣದ ಹಿಂದೆಯೇ ಅವನ ಕಣ್ಣಿರುತ್ತದೆ. ಬಾಣವೂ ನೋಟವೂ ಒಂದೇ ದಾರಿಯಲ್ಲಿ ಹೋಗುತ್ತವೆ. ಗಾಲ್ಫ್ ಆಡುವವನು ಗುರಿಗೆ ಪಕ್ಕವಾಗಿ ನಿಂತು, ತಲೆ ತಗ್ಗಿಸಿ ನೆಲವನ್ನು ನೋಡುತ್ತ, ಕಾಣದ ಕಡೆಗೆ ಹೊಡೆಯಬೇಕು.

ಕಷ್ಟವೆಲ್ಲ ಇರುವುದು ಇಲ್ಲಿಯೇ. ಚೆಂಡಿನಿಂದ ಗುರಿಗೆ ಒಂದು ರೇಖೆ; ಪಾದ, ಮೊಣಕಾಲು, ಸೊಂಟ, ಹೆಗಲುಗಳ ರೇಖೆ ಮತ್ತೊಂದು. ಇವೆರಡೂ ರೈಲುಕಂಬಿಗಳಂತೆ ಸಮಾನಾಂತರವಾಗಿರಬೇಕೇ ಹೊರತು ಕೂಡಬಾರದು. ಹೊಸಬನು ತನ್ನ ಹೆಗಲನ್ನೇ ಗುರಿಗೆ ತಿರುಗಿಸುತ್ತಾನೆ. ಆಗ ಅವನ ಮೈ ಗುರಿಯ ಬಲಕ್ಕೆ ನೋಡುತ್ತದೆ. ಐದು ಡಿಗ್ರಿಯ ತಪ್ಪೆಂದರೆ ಗಡಿಯಾರದ ಮುಖದ ಮೇಲೆ ಒಂದು ನಿಮಿಷದ ಅಂತರವೂ ಅಲ್ಲ. ಆದರೆ 200 ಗಜ ದೂರದಲ್ಲಿ ಅದು ಹದಿನೇಳು ಗಜಕ್ಕೆ ಮಿಗುತ್ತದೆ. ವಿಚಿತ್ರವೇನೆಂದರೆ, ಗುರುವು ಅವನನ್ನು ಹಿಡಿದು ಸರಿಯಾಗಿ ನಿಲ್ಲಿಸಿದ ಕೂಡಲೇ ತಾನು ಎಡಕ್ಕೆ ತಿರುಗಿರುವೆನೆಂದು ಅವನಿಗೆ ತೋರುತ್ತದೆ. ತಪ್ಪು ಹಳೆಯ ಮೆಟ್ಟಿನಂತೆ ಹಿತವಾಗಿರುತ್ತದೆ, ಸರಿಯಾದದ್ದು ಕಚ್ಚುತ್ತದೆ. ಮೈಯಾದರೋ ಸುಮ್ಮನಿರುವುದಿಲ್ಲ, ಬಲಕ್ಕೆ ನಿಂತ ತಪ್ಪನ್ನು ಮುಚ್ಚುವುದಕ್ಕಾಗಿ ಹೊಡೆಯುವಾಗ ಕೋಲನ್ನು ಎಡಕ್ಕೆ ಸೆಳೆಯುತ್ತದೆ. ಒಮ್ಮೊಮ್ಮೆ ಚೆಂಡು ನೇರವಾಗಿಯೇ ಹೋಗಿ, ಎರಡು ತಪ್ಪುಗಳ ದಾಂಪತ್ಯ ಸ್ಥಿರವಾಗಿಬಿಡುತ್ತದೆ. ಆಮೇಲೆ ಬೇರ್ಪಡಿಸಲು ವರ್ಷಗಳು ಹಿಡಿಯುತ್ತವೆ.

ಅಭ್ಯಾಸದ ಮೈದಾನದಲ್ಲಿ ಇದಕ್ಕೆ ಉಪಾಯವುಂಟು: ಕಾಲ ಮುಂದೆ ನೆಲದಲ್ಲಿ ಒಂದು ಕಡ್ಡಿಯನ್ನಿಟ್ಟು ನಿಂತರಾಯಿತು. ಪಂದ್ಯದಲ್ಲಿ ಕಡ್ಡಿಗೆ ಅಪ್ಪಣೆಯಿಲ್ಲ. ಜ್ಯಾಕ್ ನಿಕ್ಲಾಸ್ ಚೆಂಡಿನ ಹಿಂದೆ ನಿಂತು ಗುರಿಯನ್ನು ನೋಡಿ, ಅದೇ ರೇಖೆಯಲ್ಲಿ ಕೆಲವೇ ಅಡಿ ಮುಂದಿನ ಒಂದು ಎಲೆಯನ್ನೋ ಕಲೆಯನ್ನೋ ಗುರುತಿಟ್ಟುಕೊಂಡು, ಕೋಲಿನ ಮುಖವನ್ನು ಅದಕ್ಕೆ ಹೊಂದಿಸಿ, ಆ ಮೇಲೆ ಪಾದಗಳನ್ನು ಇಡುತ್ತಿದ್ದನು. ಮೊದಲು ಕೋಲಿನ ಮುಖ, ಅನಂತರ ಕಾಲು. ಹೊಸಬರು ಮಾಡುವುದು ಇದಕ್ಕೆ ತಿರುಗಮುರುಗು.

ಮತ್ತೊಂದು ಉಪಾಯವೂ ಬಹುಕಾಲ ನಡೆದುಬಂದಿತು. ಚೀಲ ಹೊರುವ ಕ್ಯಾಡಿಯು ಚೆಂಡಿನ ಹಿಂದೆ ನಿಂತು, ಬಲಕ್ಕೆ, ಎಡಕ್ಕೆ, ಈಗ ಸರಿ ಎನ್ನುವನು. ತನ್ನ ಬೆನ್ನು ತನಗೆ ಕಾಣದವನಿಗೆ ಇನ್ನೊಬ್ಬನ ಕಣ್ಣು ಎಷ್ಟು ದೊಡ್ಡ ಉಪಕಾರ! 2019ರ ಹೊಸ ನಿಯಮ ಇದನ್ನು ನಿಲ್ಲಿಸಿತು: ಆಟಗಾರನು ನಿಲ್ಲತೊಡಗಿದ ಮೇಲೆ ಕ್ಯಾಡಿಯು ಆ ರೇಖೆಯಲ್ಲಿ ಹಿಂದೆ ಇರಕೂಡದು. ಸರಿಯಾಗಿ ನಿಲ್ಲುವುದು ಆಟಗಾರನ ಸ್ವಂತ ವಿದ್ಯೆಯಾಗಿರಬೇಕೆಂಬುದು ನಿಯಮಕರ್ತರ ಮತ. ಆ ಜನವರಿಯಲ್ಲಿಯೇ ದುಬೈಯ ಪಂದ್ಯದ ಕೊನೆಯ ಕುಳಿಯ ಬಳಿ, ಚೀನದ ಲೀ ಹಾವ್‌ಟಾಂಗ್ ನಿಲ್ಲತೊಡಗಿದಾಗ ಕ್ಯಾಡಿ ಹಿಂದಿನಿಂದ ಇನ್ನೂ ಸರಿದಿರಲಿಲ್ಲ; ಎರಡು ಹೊಡೆತದ ದಂಡ ಬಿದ್ದು, ಮೂರನೆಯ ಸ್ಥಾನದ ಸಮಕ್ಕಿದ್ದವನು ಹನ್ನೆರಡನೆಯದಕ್ಕೆ ಇಳಿದನು. ಶಿಕ್ಷೆ ಅತಿಯಾಯಿತೆಂದು ಹಲವರೆಂದರು, ಅದು ನಿಜವೂ ಹೌದು; ನಿಯಮದ ವಿವರಣೆಯನ್ನು ಮುಂದಿನ ತಿಂಗಳಲ್ಲಿಯೇ ಸಡಿಲಿಸಿದರು. ಮೂಲತತ್ತ್ವ ಮಾತ್ರ ಉಳಿಯಿತು.

2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸಿನ ಗಾಲ್ಫ್ ಸ್ಪರ್ಧೆಯ ಕೊನೆಯ ದಿನ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರದಲ್ಲಿದ್ದಳು. ಚೀಲ ಹೊತ್ತವಳು ತಾಯಿ. ದೂರ ಹೊಡೆಯುವುದರಲ್ಲಿ ಮಗಳು ಉಳಿದವರಿಗೆ ಸಮಳಲ್ಲ; ಅವಳ ಬಲವೆಲ್ಲ ಹುಲ್ಲುಹಾಸಿನ ಮೇಲಿನ ಮೆಲುಹೊಡೆತದಲ್ಲಿ, ಎಂದರೆ ಕೂದಲೆಳೆಯಷ್ಟು ಕರಾರುವಾಕ್ಕಾದ ನಿಲುವಿನಲ್ಲಿ. ಹದಿನೆಂಟನೆಯ ಕುಳಿಗೆ ಅವಳ ಚೆಂಡು ದೂರವಿತ್ತು. ಅದು ಬಿದ್ದಿದ್ದರೆ ಬೆಳ್ಳಿಯ ಸ್ಪರ್ಧೆಯಲ್ಲಿ ಅವಳೂ ಸೇರುತ್ತಿದ್ದಳು. ಮಗು ನಡೆಯಲು ಕಲಿಯುವಾಗ ಬೆನ್ನ ಹಿಂದೆಯೇ ಕೈಚಾಚಿ ನಡೆಯುವುದು ತಾಯಂದಿರ ಅಭ್ಯಾಸ. ಇಲ್ಲಿ ನಿಯಮದಂತೆ ಆಕೆ ಪಕ್ಕಕ್ಕೆ ಸರಿಯಬೇಕಾಗಿತ್ತು. ಮಗಳು ಒಬ್ಬಳೇ ಪಾದಗಳನ್ನು ಹೊಂದಿಸಿಕೊಂಡು ನಿಂತಳು. ಚೆಂಡು ಕುಳಿಗೆ ಬೀಳಲಿಲ್ಲ. ಒಂದು ಹೊಡೆತದ ಅಂತರದಲ್ಲಿ ಅವಳದು ನಾಲ್ಕನೆಯ ಸ್ಥಾನವಾಯಿತು; ತಾಯಿ ಚೀಲವನ್ನು ಹೆಗಲಿಗೇರಿಸಿಕೊಂಡಳು.