ಎರಡು ವಿದ್ಯುತ್ ಕಾರುಗಳು ಮತ್ತು ನಮ್ಮ ಮಳೆಗಾಲ

ನನ್ನ ಹಳೆಯ ಪೆಟ್ರೋಲ್ ಕಾರಿನ ನೋಂದಣಿಗೆ ಬರುವ ಆಗಸ್ಟಿಗೆ ಹದಿನೈದು ವರ್ಷ ತುಂಬುತ್ತದೆ. ಮತ್ತೆ ತಪಾಸಣೆ ಮಾಡಿಸಿ ಅದನ್ನೇ ಓಡಿಸುವುದೋ, ಹೊಸದನ್ನು ಕೊಳ್ಳುವುದೋ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿದೆ. ಈ ನಡುವೆ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕಾರು ಮಂದಿ, "ಸಾರ್, ಕರೆಂಟಿನ ಕಾರು ನಮ್ಮ ಘಾಟಿಗೆ ಆಗುತ್ತದೆಯೇ?" ಎಂದು ಕೇಳಿದ್ದಾರೆ. ಮೂವತ್ತೆರಡು ವರ್ಷ ವಿಜ್ಞಾನ ಬೋಧಿಸಿದವನಾದ್ದರಿಂದ, ಲೆಕ್ಕ ಮಾಡದೆ ಉತ್ತರ ಹೇಳುವುದು ನನಗೆ ಸಲ್ಲದು.

ಲೆಕ್ಕಕ್ಕೆ ಅನುಕೂಲವೂ ಒದಗಿದೆ. ಆಲೂರಿನಲ್ಲಿರುವ ನನ್ನ ತಮ್ಮ 2024ರಲ್ಲಿ ಟಾಟಾ ನೆಕ್ಸಾನ್ ಇವಿ ಕೊಂಡ. ಅದೇ ವರ್ಷ ಹಾನುಬಾಳಿನ ಕಡೆ ತೋಟವಿರುವ ನಮ್ಮ ಅಳಿಯಂದಿರು ಮಹೀಂದ್ರಾ ಎಕ್ಸ್‌ಯುವಿ 400 ತಂದರು. ಮೊದಲನೆಯದರ ಬ್ಯಾಟರಿ 40.5 ಯೂನಿಟ್‌ನದು, ಎರಡನೆಯದರದು 39.4 ಯೂನಿಟ್‌ನದು. ಬೆಲೆ ಆಗ ಎರಡಕ್ಕೂ 17 ಲಕ್ಷದ ಆಸುಪಾಸು. ಎರಡರ ಬ್ಯಾಟರಿಗೂ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಖಾತರಿ. ಆಮೇಲೆ ಹೊಸ ಮಾದರಿಗಳು ಬಂದಿವೆ. ಇಲ್ಲಿ ಹೇಳುತ್ತಿರುವುದು ನಾನು ಕುಳಿತು ನೋಡಿದ ಈ ಎರಡರ ಮಾತು.

ಪರೀಕ್ಷಾ ಸಂಸ್ಥೆಯ ಪ್ರಕಾರ ಒಮ್ಮೆ ತುಂಬಿಸಿದರೆ ನೆಕ್ಸಾನ್ 465, ಎಕ್ಸ್‌ಯುವಿ 456 ಕಿಲೋಮೀಟರ್ ಓಡಬೇಕು. ನಮ್ಮ ಏರಿಳಿತದ ರಸ್ತೆಗಳಲ್ಲಿ ಎರಡೂ 250ರ ಹತ್ತಿರ ನಿಲ್ಲುತ್ತವೆ. ಬೆಟ್ಟವೇ ಇದಕ್ಕೆಲ್ಲ ಕಾರಣವೆಂದು ಜನ ತಿಳಿಯುತ್ತಾರೆ. ಒಂಬತ್ತನೆಯ ತರಗತಿಯ ಪ್ರಚ್ಛನ್ನ ಶಕ್ತಿಯ ಪಾಠವನ್ನು ನೆನಪಿಸಿಕೊಳ್ಳಿ. ಮೂವರು ಕುಳಿತ ಕಾರು ಸುಮಾರು 1,800 ಕಿಲೋ ತೂಗುತ್ತದೆ. ಸಮುದ್ರಮಟ್ಟದ ಮಂಗಳೂರಿನಿಂದ 950 ಮೀಟರ್ ಎತ್ತರದ ಸಕಲೇಶಪುರಕ್ಕೆ ಅದನ್ನು ಏರಿಸಲು ಬೇಕಾದ ಶಕ್ತಿ ಐದು ಯೂನಿಟ್‌ಗೂ ಸ್ವಲ್ಪ ಕಡಿಮೆ! ಮೋಟಾರಿನ ನಷ್ಟ ಸೇರಿಸಿದರೂ ಆರನ್ನು ಮೀರುವುದು ಕಷ್ಟ. ಇಳಿಯುವಾಗ ಅದರಲ್ಲಿ ಒಂದು ಪಾಲು ಮರಳಿ ಬ್ಯಾಟರಿಗೆ ಸೇರುತ್ತದೆ. ಉಳಿದ ಖರ್ಚು ವೇಗದ್ದು, ಗಾಳಿಯದ್ದು, ಮಳೆನೀರು ನಿಂತ ರಸ್ತೆಯದ್ದು.

ಶಿರಾಡಿ ಇಳಿಯುವವರಿಗೆ ಒಂದು ಕಿವಿಮಾತು: ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ದೋಣಿಗಾಲು ದಾಟಬೇಡಿ. ತುಂಬಿದ ಕೊಡಕ್ಕೆ ನೀರು ಹಿಡಿಸದಂತೆ ಮರಳಿ ಬರುವ ವಿದ್ಯುತ್ತಿಗೆ ಎಡೆಯಿರುವುದಿಲ್ಲ. ಕಾರನ್ನು ತಡೆದು ಹಿಡಿಯುವ ಆ ಸೆಳೆತವೂ ಸಿಗದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ತಮ್ಮನ ಕಾರಿನಲ್ಲಿ ಈ ಸೆಳೆತವನ್ನು ಸ್ಟಿಯರಿಂಗ್ ಹಿಂದಿನ ಗುಂಡಿಗಳಿಂದ ಹೆಚ್ಚು ಕಡಿಮೆ ಮಾಡಬಹುದು. ಅಳಿಯಂದಿರ ಕಾರನ್ನು ಒಂದೇ ಪೆಡಲಿನಲ್ಲಿ ನಡೆಸುವ ಏರ್ಪಾಡಿದೆ. ತಿರುವುಗಳಲ್ಲಿ ನನಗೆ ಮೊದಲನೆಯದು ಹಿತವೆನಿಸಿತು. ಮಗಳು ಇದನ್ನು ಒಪ್ಪುವುದಿಲ್ಲ.

ಇನ್ನು ಹಣದ ಮಾತು. ಕರ್ನಾಟಕದಲ್ಲಿ 2024ರಲ್ಲಿ 25 ಲಕ್ಷದೊಳಗಿನ ವಿದ್ಯುತ್ ಕಾರುಗಳಿಗೆ ಜೀವಾವಧಿ ತೆರಿಗೆ ಇರಲಿಲ್ಲ. 12 ಲಕ್ಷದ ಪೆಟ್ರೋಲ್ ಕಾರಿಗೆ ಶೇಕಡ 17ರಂತೆ, ಸೆಸ್ ಬಿಟ್ಟು, 2 ಲಕ್ಷದ 4 ಸಾವಿರ ಕಟ್ಟಬೇಕಿತ್ತು. ಹೀಗಾಗಿ ಎರಡು ಬಗೆಯ ಕಾರುಗಳ ನಡುವಿನ ಅಂತರ ಸುಮಾರು 3 ಲಕ್ಷಕ್ಕೆ ಇಳಿಯಿತು. ಪೆಟ್ರೋಲಿಗೆ ಕಿಲೋಮೀಟರಿಗೆ ಏಳು ರೂಪಾಯಿಯ ಹತ್ತಿರ ಬೀಳುತ್ತದೆ; ಮನೆಯಲ್ಲೇ ಚಾರ್ಜ್ ಮಾಡಿದರೆ ಒಂದೂಕಾಲು ರೂಪಾಯಿ. ಅಂತರ ತೀರಬೇಕಾದರೆ ಐವತ್ತೈದು ಸಾವಿರ ಕಿಲೋಮೀಟರ್ ಓಡಬೇಕು. ಅಳಿಯಂದಿರು ತಿಂಗಳಿಗೆ 1,500 ಕಿಲೋಮೀಟರ್ ತಿರುಗುತ್ತಾರೆ. ಅವರಿಗೆ ಮೂರು ವರ್ಷ ಸಾಕು. ನಾನು ಓಡಿಸುವುದು ಐನೂರು. ನನ್ನ ಲೆಕ್ಕ ತೀರಲು ಒಂಬತ್ತು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯ ಖಾತರಿ ಮುಗಿದಿರುತ್ತದೆ. ನನ್ನ ಖಾತರಿಯ ವಿಷಯ ಬೇರೆ.

ಗೃಹಜ್ಯೋತಿಯನ್ನೂ ಮರೆಯಬಾರದು. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಸಾವಿರ ಕಿಲೋಮೀಟರ್ ಓಡಿದರೆ ಕಾರೊಂದಕ್ಕೇ 180 ಯೂನಿಟ್ ಬೇಕು. ತಮ್ಮ ಅದಕ್ಕಾಗಿಯೇ ಕಾರಿಗೆ ಬೇರೆ ಮೀಟರ್ ಹಾಕಿಸಿಕೊಂಡ. ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರು ಕೆಲಸವನ್ನೇ ಆರಂಭಿಸುವುದಿಲ್ಲ. ಅಳಿಯಂದಿರು ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಬೇಸಗೆಯಲ್ಲಿ ಅದಕ್ಕೆ ನೀರು ಹನಿಸುತ್ತಾರೆ. ಮಾರ್ಚಿನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತು ವೋಲ್ಟೇಜ್ ಕುಸಿದಾಗ, ಕಾರು ಅರ್ಧ ರಾತ್ರಿಯವರೆಗೆ ಕಾಯಬೇಕಾಗುತ್ತದೆ.

ಸ್ಥಳಾವಕಾಶದಲ್ಲಿ ಎಕ್ಸ್‌ಯುವಿಯೇ ಮೇಲು. ಉದ್ದ 4.2 ಮೀಟರ್, ನೆಕ್ಸಾನ್ 4 ಮೀಟರಿಗೂ ತುಸು ಕಡಿಮೆ. ಹಿಂದಿನ ಸೀಟಿನಲ್ಲಿ ಮೂವರು ಮೊಣಕೈ ತಾಗಿಸದೆ ಕೂರುತ್ತಾರೆ. ಮಕ್ಕಳು, ಬೀಗರು, ಗೊಬ್ಬರದ ಚೀಲ ಎಂದು ಓಡಾಡುವ ಮನೆಗೆ ಅದೇ ಸರಿ.

ನನ್ನ ತೀರ್ಮಾನಕ್ಕೆ ಕಾರಣ ಇವೆರಡೂ ಅಲ್ಲ, ಹಣವೂ ಅಲ್ಲ. ಬಂಧುಗಳಿಗೆ ಗೊತ್ತಿರುವಂತೆ, ನಮ್ಮ ಮನೆಯವರ ಶ್ವಾಸಕೋಶದ ತೊಂದರೆಯಿಂದಾಗಿ ಕಳೆದ ವರ್ಷದಿಂದ ರಾತ್ರಿ ಆಮ್ಲಜನಕದ ಯಂತ್ರ ಬೇಕಾಗಿದೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಮರ ಬಿದ್ದು ತಂತಿ ಕಡಿದರೆ ನಮ್ಮಲ್ಲಿ ಎರಡು ದಿನ, ಮೂರು ದಿನ ಕರೆಂಟು ಬರುವುದಿಲ್ಲ. ಲೈನ್‌ಮನ್‌ಗಳು ಕೊರೆಯುವ ಮಳೆಯಲ್ಲಿ ಕಂಬ ಹತ್ತುವುದನ್ನು ಕಂಡಿದ್ದೇನೆ, ಅವರನ್ನು ದೂರಲಾರೆ. ಆ ಯಂತ್ರಕ್ಕೆ 350 ವ್ಯಾಟ್ ಬೇಕು. ಮನೆಯ ಯುಪಿಎಸ್ ಬ್ಯಾಟರಿ ಅದನ್ನು ನಾಲ್ಕು ಗಂಟೆಗಿಂತ ಹೆಚ್ಚು ನಡೆಸುವುದಿಲ್ಲ. ಜನರೇಟರ್ ಇಡೋಣವೆಂದರೆ, ಉಸಿರಿನ ತೊಂದರೆಯಿರುವವರ ಕಿಟಕಿಯ ಹೊರಗೆ ಹೊಗೆ.

ನೆಕ್ಸಾನ್‌ನ ಮೇಲಿನ ದರ್ಜೆಯ ಮಾದರಿಯಲ್ಲಿ ಕಾರಿನಿಂದಲೇ ಹೊರಗೆ 3.3 ಕೆವಿಎವರೆಗೆ ವಿದ್ಯುತ್ ತೆಗೆಯಬಹುದು. ಅಳಿಯಂದಿರ ಕಾರಿನಲ್ಲಿ ಈ ಸೌಲಭ್ಯವಿಲ್ಲ. ಕಳೆದ ಅಕ್ಟೋಬರಿನಲ್ಲಿ ತಮ್ಮನ ಮನೆಗೆ ಹೋಗಿದ್ದಾಗ, ವೈದ್ಯರನ್ನು ಕೇಳಿಕೊಂಡು, ಒಂದು ರಾತ್ರಿ ಯಂತ್ರವನ್ನು ಕಾರಿಗೆ ಸೇರಿಸಿ ನೋಡಿದೆವು. ಎಂಟು ಗಂಟೆಯ ಬಳಿಕ ಬ್ಯಾಟರಿ ಇಳಿದದ್ದು ನೂರಕ್ಕೆ ಎಂಟು. ನಾನು ಎರಡು ಬಾರಿ ಎದ್ದು ಹೋಗಿ ನೋಡಿದೆ. ನಮ್ಮ ಮನೆಯವರು ಒಮ್ಮೆಯೂ ಎಚ್ಚರಗೊಳ್ಳಲಿಲ್ಲ.

ಮೂರು ರಾತ್ರಿ ಕಳೆದರೂ ನೂರಕ್ಕೆ ಇಪ್ಪತ್ನಾಲ್ಕು ಮಾತ್ರ ಖರ್ಚು. ಉಳಿದುದರಲ್ಲಿ 40 ಕಿಲೋಮೀಟರ್ ದೂರದ ಹಾಸನದ ಆಸ್ಪತ್ರೆಗೆ ಹೋಗಿಬರಬಹುದು. ಆದರೆ ತಿಂಗಳಿಗೊಮ್ಮೆ ತಜ್ಞರನ್ನು ಕಾಣಲು ಮಂಗಳೂರಿಗೆ ಹೋಗಬೇಕು. ಹೋಗಿಬರುವ ದಾರಿ 260 ಕಿಲೋಮೀಟರ್. ಎರಡರಲ್ಲಿ ಯಾವ ಕಾರಾದರೂ ಅಲ್ಲಿ ಒಮ್ಮೆ ಚಾರ್ಜ್ ಮಾಡಲೇಬೇಕು. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಜರಿದು ಶಿರಾಡಿ ಮುಚ್ಚಿದಂತೆ ಮತ್ತೆ ಮುಚ್ಚಿದರೆ, ಮೂಡಿಗೆರೆಯ ಮೇಲೆ ಚಾರ್ಮಾಡಿ ಸುತ್ತಬೇಕು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿ ನೂರಕ್ಕೆ ಎಪ್ಪತ್ತಕ್ಕಿಂತ ಕೆಳಗಿಳಿದ ದಿನವೇ ಚಾರ್ಜಿಗೆ ಹಾಕುವುದೆಂದು ನಿಯಮ ಮಾಡಿಕೊಂಡಿದ್ದೇನೆ.

ನೆಕ್ಸಾನನ್ನೇ ತರುವುದೆಂದು ನಿಶ್ಚಯಿಸಿದ್ದೇವೆ, ಮೇ ತಿಂಗಳೊಳಗೆ. ಅದಕ್ಕೆ ಮೊದಲು ಅರ್ಥಿಂಗ್ ಗುಂಡಿ ತೋಡಬೇಕು, ಬೇರೆ ಮೀಟರಿಗೆ ಅರ್ಜಿ ಕೊಡಬೇಕು, ಪೋರ್ಟಿಕೋದಿಂದ ಮಲಗುವ ಕೋಣೆಗೆ ದಪ್ಪ ತಂತಿ ಎಳೆಸಬೇಕು. ವೈರಿಂಗ್ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರುವ ಭಾನುವಾರ ಬರುತ್ತೇನೆಂದಿದ್ದಾನೆ.