ಬಯಲಲ್ಲಿ ನಿಂತ ಬಂಡಿ

ನಮ್ಮ ಭೀಮಾ ತೀರದ ಹಳೆಯ ಮನೆಗಳನ್ನು ಕಟ್ಟಿದವರು ಮೊದಲು ಎತ್ತಿಗೆ ಜಾಗ ಬಿಟ್ಟು ಆಮೇಲೆ ಮನುಷ್ಯರಿಗೆ ಬಿಟ್ಟರು. ತಲೆಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನದ ಜಾಗ, ಗೋಡೆಗುಂಟ ಗ್ವಾದಲಿ. ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ, ಅದರಾಚೆ ಅಡುಗೆಮನೆ. ಎತ್ತು ಮೆಲುಕು ಹಾಕುವ ಸದ್ದು ಕೇಳುತ್ತ ಮನೆಮಂದಿ ನಿದ್ದೆ ಹೋಗುತ್ತಿದ್ದರು. ಇಷ್ಟೆಲ್ಲ ಅಕ್ಕರೆಯಿಂದ ಎತ್ತನ್ನು ಒಳಗೆ ಕರೆದುಕೊಂಡ ಮನೆ ಬಂಡಿಯನ್ನು ಮಾತ್ರ ಹೊರಗೇ ಬಿಟ್ಟಿತು. ಬೇವಿನ ಗಿಡದ ಬುಡದಲ್ಲಿ, ನೊಗವನ್ನು ಗೂಟದ ಮೇಲೆ ಎತ್ತಿಟ್ಟುಕೊಂಡು, ಬಂಡಿ ಬಿಸಿಲನ್ನೂ ಮಳೆಯನ್ನೂ ಅಲ್ಲೇ ಕಂಡಿತು. ಜೀಪು ಬಂತು, ಟ್ರ್ಯಾಕ್ಟರ್ ಬಂತು, ಕಾರು ಬಂತು. ನಮ್ಮೂರು ಮಣ್ಣೂರಿನಲ್ಲಿ ಅವೆಲ್ಲ ಬಂಡಿ ಬಿಟ್ಟುಹೋದ ಜಾಗದಲ್ಲೇ ನಿಂತವು. ಗಾಡಿಗೊಂದು ಮನೆ ಬೇಕೆಂಬ ವಿಚಾರ ನಮ್ಮ ಓಣಿಗೆ ಇನ್ನೂ ಹೊಸದು.

ನಮ್ಮ ಅಂಗಳದಲ್ಲಿ ನಿಂತಿರುವುದು ಸ್ಯಾನ್ ಸ್ಟಾರ್ಮ್. ಹೆಸರು ಕೇಳಿದವರು ಕಡಿಮೆ. ಬೆಂಗಳೂರಿನಲ್ಲಿ ರೈಲು ಎಂಜಿನ್ ಕಟ್ಟುತ್ತಿದ್ದ ಸ್ಯಾನ್ ಸಂಸ್ಥೆಯವರು ತೊಂಬತ್ತರ ದಶಕದ ಕೊನೆಗೆ ಗೋವಾದ ವೆರ್ಣಾದಲ್ಲಿ ತಯಾರಿಸಿದ ಕಾರು ಇದು. ಎರಡೇ ಸೀಟು, ಬಿಚ್ಚಿ ಮಡಚುವ ಬಟ್ಟೆಯ ಮಾಡು, ಫೈಬರಿನ ಮೈ. ವಿನ್ಯಾಸ ಫ್ರಾನ್ಸಿನವರದು, ಎಂಜಿನ್ ರೆನೊ ಕಂಪನಿಯ 1149 ಸಿಸಿಯದು, ಬಲ ಸುಮಾರು 60 ಅಶ್ವಶಕ್ತಿ. ಇವತ್ತಿನ ಸಾಮಾನ್ಯ ಕಾರೂ ಇದನ್ನು ಹಿಂದೆ ಹಾಕಬಲ್ಲದು. ಆದರೆ ನೆಲಕ್ಕೆ ಇಷ್ಟು ಹತ್ತಿರ ಕೂತು, ತಲೆಯ ಮೇಲೆ ಬರಿಯ ಆಕಾಶ ಇಟ್ಟುಕೊಂಡು ಅಫಜಲಪುರದ ದಾರಿಯಲ್ಲಿ ಬೆಳಗಿನ ಜಾವ ಹೋಗುವಾಗ ಇಬ್ಬದಿಯ ಕಬ್ಬಿನ ಗಾಳಿ ಮುಖಕ್ಕೆ ಬಡಿಯುವ ಸುಖವನ್ನು ಆ ಸಾಮಾನ್ಯ ಕಾರು ಕೊಡಲಾರದು. ಫೈಬರ್ ಮೈಯ ಕಾರು ನಮ್ಮ ರಾಜ್ಯಕ್ಕೆ ಇದೇ ಮೊದಲಲ್ಲ. ಎಂಬತ್ತರ ದಶಕದಲ್ಲೇ ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ಎಂಬ ಹಗುರ ಕಾರು ರೇಸು, ರ್‍ಯಾಲಿಗಳಲ್ಲಿ ದೊಡ್ಡ ದೊಡ್ಡ ಗಾಡಿಗಳನ್ನು ಸೋಲಿಸಿತ್ತು. ನನ್ನ ತಮ್ಮ ಗೋವಾದಲ್ಲಿ ಕೆಲಸದಲ್ಲಿದ್ದಾಗ ಈ ಕೆಂಪು ಸ್ಟಾರ್ಮನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ದುಬೈಗೆ ಹೋಗುವಾಗ ಊರಿಗೆ ತಂದು, ಕೀಲಿಕೈ ನನ್ನ ಅಂಗೈಯಲ್ಲಿಟ್ಟ. ಮಾರು ಅನ್ನಲಿಲ್ಲ, ಕಾಯಿ ಅಂತಲೂ ಅನ್ನಲಿಲ್ಲ. ಕಾಯಬೇಕೆಂದು ನಾನೇ ಅಂದುಕೊಂಡೆ.

ಕಲಬುರಗಿ ಜಿಲ್ಲೆಯ ಬಿಸಿಲನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಮೇ ತಿಂಗಳಲ್ಲಿ ಪಾದರಸ 42, 43 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯಲ್ಲ. ನೆರಳಿನಲ್ಲಿ ಅಳೆದ ಲೆಕ್ಕ ಅದು. ಬಾಗಿಲು ಮುಚ್ಚಿ ಬಯಲಲ್ಲಿ ನಿಂತ ಕಾರಿನೊಳಗಿನ ಲೆಕ್ಕವೇ ಬೇರೆ. ಬಿಸಿಲು ಗಾಜಿನೊಳಗಿಂದ ಸಲೀಸಾಗಿ ಒಳಗೆ ಬರುತ್ತದೆ. ಸೀಟು, ಡ್ಯಾಶ್‌ಬೋರ್ಡು ಅದನ್ನು ನುಂಗಿ ಕಾವಾಗಿ ಹೊರಬಿಟ್ಟಾಗ ಆ ಕಾವನ್ನು ಅದೇ ಗಾಜು ಹೊರಗೆ ಹೋಗಗೊಡುವುದಿಲ್ಲ. ಏರುವ ಶಾಖದ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ಗಾಜನ್ನು ಬೆರಳಿನಷ್ಟು ಇಳಿಸಿಟ್ಟರೆ ತಣ್ಣಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಧೂಳು ಮಾತ್ರ ಒಳಗೆ ಬರುತ್ತದೆ. ಮುಂದಿನ ಗಾಜಿಗೆ ಒಳಗಿನಿಂದ ಒಂದು ಬಿಳಿ ರಟ್ಟು ಅಡ್ಡ ಇಟ್ಟರೆ ಅದಕ್ಕಿಂತ ಎಷ್ಟೋ ವಾಸಿ. ಸ್ಟೇರಿಂಗ್ ಮುಟ್ಟುವಂತಾಗುತ್ತದೆ, ಡ್ಯಾಶ್‌ಬೋರ್ಡು ಬಿರಿಯುವುದು ತಡವಾಗುತ್ತದೆ.

ಬಣ್ಣವನ್ನು ತಿನ್ನುವುದು ಶಾಖಕ್ಕಿಂತ ಹೆಚ್ಚಾಗಿ ನೇರಳಾತೀತ ಕಿರಣ. ಬಣ್ಣ ತಯಾರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದ ಫ್ಲಾರಿಡಾದಲ್ಲಿ ಬಿಸಿಲೂ ತೇವವೂ ಹೆಚ್ಚೆಂದು, ಅರಿಜೋನಾದಲ್ಲಿ ಬಿಸಿಲೂ ಒಣಹವೆಯೂ ಹೆಚ್ಚೆಂದು, ಬಣ್ಣ ಬಳಿದ ತಗಡುಗಳನ್ನು ಬಯಲಲ್ಲಿ ಓರೆಯಾಗಿ ಸಾಲುಹಚ್ಚಿ ವರ್ಷಗಟ್ಟಲೆ ಬಿಟ್ಟು ಪರೀಕ್ಷಿಸುತ್ತಾರೆ. ನಮ್ಮ ಅಂಗಳದಲ್ಲಿ ಅರಿಜೋನಾದ ಬೇಸಿಗೆಯೂ ಉಂಟು, ಶ್ರಾವಣದ ತೇವವೂ ಉಂಟು. ಕೆಂಪು ಬಣ್ಣ ಎಲ್ಲಕ್ಕಿಂತ ಬೇಗ ಸೋಲುತ್ತದೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಕೈಯಾಡಿಸಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಮೇಣ ಹಚ್ಚಿ ತಿಕ್ಕುವುದು ಬರಿಯ ಶೋಕಿ ಅಂದುಕೊಂಡವರು ಬಹಳ ಮಂದಿ. ನಮ್ಮ ಕಡೆಯ ಬಿಸಿಲಿಗೆ ಅದು ನಿಜವಾದ ಕವಚ. ಯುಗಾದಿಗೆ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ ಹಚ್ಚಿದರೆ ಬಣ್ಣದ ಆಯುಷ್ಯ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ.

ಹಾಗಾದರೆ ಬೇವಿನ ನೆರಳಿದೆಯಲ್ಲ ಅನ್ನಬಹುದು. ಬೇವಿನ ನೆರಳು ತಂಪು, ಆದರೆ ಪುಕ್ಕಟೆಯಲ್ಲ. ಬೇಸಿಗೆಯಲ್ಲಿ ಹೂ ಉದುರಿ ವೈಪರಿನ ಬುಡದ ಜಾಲರಿಯಲ್ಲಿ ತುಂಬಿಕೊಳ್ಳುತ್ತದೆ. ತೆಗೆಯದೆ ಬಿಟ್ಟರೆ ಮಿರಗದ ಮೊದಲ ಮಳೆಗೆ ಅಲ್ಲೇ ಕೊಳೆತು ನೀರಿನ ದಾರಿ ಕಟ್ಟುತ್ತದೆ. ಆ ನೀರು ಸೀಟಿನ ಕೆಳಗೆ ಬಂದು ನಿಲ್ಲುತ್ತದೆ. ಹಣ್ಣಾಗುವ ಹೊತ್ತಿಗೆ ಗೊರವಂಕ, ಕಾಗೆಗಳ ಸಂತೆ. ಹಕ್ಕಿಯ ಹಿಕ್ಕೆಯಲ್ಲಿ ಹುಳಿ ಇರುತ್ತದೆ. ಬಿಸಿಗೆ ಮೆತ್ತಗಾದ ಬಣ್ಣದ ಮೇಲೆ ಅದು ಒಣಗಿ ಬಿಗಿದುಕೊಂಡಾಗ ತನ್ನ ಆಕಾರವನ್ನು ಬಣ್ಣದಲ್ಲೇ ಕೆತ್ತುತ್ತದೆ. ಬೆಳಿಗ್ಗೆ ಬಿದ್ದದ್ದನ್ನು ಮಧ್ಯಾಹ್ನದೊಳಗೆ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆದರೆ ಗುರುತು ಉಳಿಯುವುದಿಲ್ಲ, ಸಂಜೆಯವರೆಗೆ ಬಿಟ್ಟರೆ ಉಳಿಯುತ್ತದೆ. ಇಷ್ಟಾದರೂ ನಾನು ಬಿಸಿಲಿಗಿಂತ ಬೇವನ್ನೇ ಆರಿಸುತ್ತೇನೆ. ಹಿಕ್ಕೆಯನ್ನು ಒರೆಸಬಹುದು, ಬಿಸಿಲನ್ನು ಒರೆಸಲಾಗದು.

ಧೂಳಿನ ಮಾತು ಬೇರೆ. ಕಪ್ಪು ಭೂಮಿಯ ಧೂಳು ಹಿಟ್ಟಿನಷ್ಟು ನುಣ್ಣಗೆ ಕಂಡರೂ ಅದರೊಳಗೆ ಮರಳಿನ ಕಣ ಇರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಗೆ ಓಡಾಡುವಾಗ ಓಣಿಯ ಎಲ್ಲದರ ಮೇಲೂ ಒಂದೊಂದು ಪದರು ಕೂಡುತ್ತದೆ. ಮಕ್ಕಳು ಬಂದು ಅದರ ಮೇಲೆ ಬೆರಳಿನಿಂದ ಹೆಸರು ಬರೆಯುತ್ತಾರೆ. ಅದನ್ನು ಒಣಬಟ್ಟೆಯಿಂದ ಝಾಡಿಸುವುದೆಂದರೆ ಉಸುಕಿನ ಕಾಗದದಿಂದ ತಿಕ್ಕಿದ ಹಾಗೆಯೇ. ಮೊದಲು ನೀರು ಸುರಿಯಬೇಕು, ಆಮೇಲೆ ಬಟ್ಟೆ. ನೀರು ಕೂಡ ಎಲ್ಲದೂ ಒಂದೇ ಅಲ್ಲ. ಬೋರಿನ ನೀರು ಗಡಸು. ಬಿಸಿಲಿನಲ್ಲಿ ತೊಳೆದರೆ ನೀರು ಹಾರಿ ಸುಣ್ಣದ ಬಿಳಿ ಚುಕ್ಕೆ ಅಲ್ಲೇ ಉಳಿಯುತ್ತದೆ. ಮಾಳಿಗೆಯಿಂದ ಬೀಳುವ ಮಳೆನೀರನ್ನು ಹೌದಿಗೆ ಹಿಡಿದಿಟ್ಟು, ಸೂರ್ಯ ಹುಟ್ಟುವ ಮುಂಚೆ ತೊಳೆಯುವುದು ನಮ್ಮ ಮನೆಯ ರೂಢಿ. ಫೈಬರಿನ ಮೈಗೆ ತುಕ್ಕು ಹಿಡಿಯುವುದಿಲ್ಲ ನಿಜ. ಆದರೆ ಕೆಳಗಿನ ಚೌಕಟ್ಟು ಉಕ್ಕಿನದು. ಗಾಲಿಯ ಮೇಲಿನ ಸಂದುಗಳಲ್ಲಿ ಎರೆಮಣ್ಣು ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಜನ ಬಾನೆಟ್ ಮೇಲೆ ನೀರು ಚೆಲ್ಲಿ ಮುಗಿಸುತ್ತಾರೆ. ನನ್ನನ್ನು ಕೇಳಿದರೆ ಮೊದಲ ಕೊಡ ನೀರು ಕೆಳಗಿನ ಸಂದಿಗೇ ಹೋಗಬೇಕು.

ಇನ್ನು ಹೊದಿಕೆ. ಕಾರಿನ ಮೇಲೆ ತಾಡಪತ್ರಿ ಎಳೆದು ಹಗ್ಗ ಕಟ್ಟಿದರೆ ಕಾರು ಕ್ಷೇಮ ಎಂದು ನಂಬಿದವರ ಜೊತೆ ನಾನು ಜಗಳಕ್ಕೆ ನಿಂತಿದ್ದೇನೆ. ಪ್ಲಾಸ್ಟಿಕ್ಕಿನ ಕೆಳಗೆ ನೆಲದ ತೇವ ಆವಿಯಾಗಿ ಏರುತ್ತದೆ, ಹೊರಹೋಗಲು ದಾರಿ ಸಿಗದೆ ಬಣ್ಣದ ಮೇಲೆ, ಬಟ್ಟೆಯ ಮಾಡಿನ ಮೇಲೆ ಕೂಡುತ್ತದೆ, ಬೂಷ್ಟು ಬರುತ್ತದೆ. ಆಷಾಢದ ಗಾಳಿಗೆ ಅದೇ ಹೊದಿಕೆ ಪಟಪಟ ಬಡಿದು, ಕೆಳಗೆ ಸಿಕ್ಕ ಧೂಳನ್ನು ಹಗಲೂ ರಾತ್ರಿ ತಿಕ್ಕುತ್ತದೆ. ಉಸಿರಾಡುವ ದಪ್ಪ ಬಟ್ಟೆಯ ಹೊದಿಕೆ, ತೊಳೆದ ಗಾಡಿಯ ಮೇಲೆ ಮಾತ್ರ, ಗಾಳಿ ಇಲ್ಲದ ದಿನಗಳಲ್ಲಿ ಮಾತ್ರ ನಡೆದೀತು. ಹೊದಿಕೆಯ ದೊಡ್ಡ ಕೆಡುಕು ಇನ್ನೊಂದು. ಅದು ಗಾಡಿಯನ್ನು ನಮ್ಮ ಕಣ್ಣಿನಿಂದ ಮರೆಮಾಡುತ್ತದೆ. ಕಾಣದ್ದನ್ನು ಯಾರೂ ವಿಚಾರಿಸುವುದಿಲ್ಲ.

ಮುಚ್ಚಿ ಮರೆತ ಗಾಡಿಯನ್ನು ಮೊದಲು ಪತ್ತೆ ಹಚ್ಚುವುದು ಇಲಿ. ತೊಗರಿ ರಾಶಿಯಾಗಿ ಹೊಲ ಖಾಲಿಯಾದ ಮೇಲೆ ಇಲಿಗಳು ಊರ ಕಡೆ ಮುಖ ಮಾಡುತ್ತವೆ. ಬಾನೆಟ್ಟಿನ ಕೆಳಗೆ ಕತ್ತಲೆ, ಬೆಚ್ಚಗೆ, ಕಡಿಯಲು ವೈರು. ತಂಬಾಕಿನ ಎಲೆ ಇಡುತ್ತಾರೆ, ಡಾಂಬರ ಗುಳಿಗೆ ಕಟ್ಟುತ್ತಾರೆ. ರಾತ್ರಿ ಬಾನೆಟ್ ಎತ್ತಿಟ್ಟು ಬೆಳಕು ಗಾಳಿ ಆಡುವಂತೆ ಬಿಡುವುದು ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಬ್ಯಾಟರಿಯೂ ಸುಮ್ಮನೆ ನಿಂತಲ್ಲೇ ಸೋರುತ್ತದೆ. ಕಾರು ಆರಿಸಿದ್ದರೂ ಗಡಿಯಾರ, ರೇಡಿಯೊ, ಎಂಜಿನ್ನಿನ ಕಂಪ್ಯೂಟರು ಚೂರುಚೂರು ಕರೆಂಟು ಕುಡಿಯುತ್ತಲೇ ಇರುತ್ತವೆ. 50 ಮಿಲಿ ಆಂಪಿಯರ್ ಅಂದರೂ ದಿನಕ್ಕೆ 1.2 ಆಂಪಿಯರ್ ಗಂಟೆ. 45ರ ಬ್ಯಾಟರಿ ತಿಂಗಳೊಪ್ಪತ್ತಿನಲ್ಲಿ ನೆಲಕಚ್ಚುತ್ತದೆ. ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಟೈರಿನ ಗ್ರಿಪ್ಪು ಎಷ್ಟೇ ಉಳಿದಿರಲಿ, ಅದರ ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡಬೇಕು. ಮೊದಲೆರಡು ಹುಟ್ಟಿದ ವಾರ, ಕೊನೆಯೆರಡು ಹುಟ್ಟಿದ ವರ್ಷ. ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥೆನಾಲ್ ಬೆರೆಯುತ್ತದೆ. ಅದರಲ್ಲಿ ಒಂದಷ್ಟು ನಮ್ಮ ಕಬ್ಬಿನದೇ. ಆದರೆ ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ಗಾಡಿಯ ಟಾಕಿಯನ್ನು ಅರೆಬರೆ ತುಂಬಿಸಿ ಮಳೆಗಾಲವಿಡೀ ನಿಲ್ಲಿಸಬಾರದು. ಕೈಬ್ರೇಕು ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಬ್ರೇಕಿನ ಪಟ್ಟಿ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡುವುದೇ ಲೇಸು.

ಓಣಿಯ ಹಿರಿಯರೊಬ್ಬರು ಒಂದು ಕಾಲಕ್ಕೆ ಮೂರು ಜೋಡಿ ಎತ್ತು ಕಟ್ಟಿದವರು. ನಾನು ಗಾಡಿ ತೊಳೆಯುವಾಗ ಕಟ್ಟೆಯ ಮೇಲೆ ಬಂದು ಕೂಡುತ್ತಾರೆ.

"ತಮ್ಮಾ, ಬಂಡಿ ಬಿಸಲಿಗಿ ಕೆಡಂಗಿಲ್ಲ, ನಿಂತು ಕೆಡತದ. ದಿನಾ ಹೂಡಿದ್ರ ಅದಕ್ಕ ಏನೂ ಆಗಂಗಿಲ್ಲ ನೋಡು."

"ಹೌದ್ರಿ ಕಾಕಾ. ಖರೆ ನಿಮ್ಮ ಬಂಡಿ ಕರಿಜಾಲಿದು, ಇದು ರಬ್ಬರು ಪ್ಲಾಸ್ಟಿಕ್ಕಿಂದು."

"ಜಾಲಿನೂ ಒಣಗತದೋ. ಬ್ಯಾಸಿಗ್ಯಾಗ ಗಾಲಿ ಸಡ್ಲ ಆಗಿ ಪಟ್ಟಿ ಕಳಚಿ ಬೀಳ್ತಿತ್ತು. ಹೊಳಿಗಿ ಒಯ್ದು ನೆನಿ ಇಡತಿದ್ವಿ."

ಅವರು ಹೇಳಿದ ಮೇಲೆ ನನಗೆ ಆ ಹಳೆಯ ಬಂಡಿಗಳ ಆರೈಕೆ ಪೂರಾ ನೆನಪಿಗೆ ಬಂತು. ಹೂಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ, ಕೀಲು ಗಟ್ಟಿ ಇದೆಯೇ ಎಂದು ಒಂದು ಏಟು, ಹಗ್ಗದ ಗಂಟು ಎಳೆದು ನೋಡುವುದು. ಯಾರೂ ಅದನ್ನು ದೊಡ್ಡ ಕೆಲಸವೆಂದು ಮಾಡಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಬಯಲಲ್ಲಿ ನಿಂತ ಬಂಡಿ ತಲೆಮಾರು ಬಾಳಿದ್ದು ಈ ದಿನದಿನದ ಕೈಯಿಂದ. ಕಾಕಾನ ಮಾತಿನಲ್ಲಿ ಅರ್ಧ ನಾನು ಒಪ್ಪುವುದಿಲ್ಲ, ಬಿಸಿಲು ನನ್ನ ಗಾಡಿಯನ್ನು ಕೆಡಿಸಿಯೇ ತೀರುತ್ತದೆ. ಇನ್ನರ್ಧವನ್ನು ಪೂರ್ತಿ ಒಪ್ಪುತ್ತೇನೆ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರಾ ಬಿಸಿಯಾಗುವಷ್ಟು ದೂರ ಓಡಿಸಬೇಕು. ಅಂಗಳದಲ್ಲೇ ಐದು ನಿಮಿಷ ಗುರ್ರೆನಿಸಿ ಆರಿಸುವುದು ಓಡಿಸಿದಂತಲ್ಲ. ಅದರಿಂದ ಸೈಲೆನ್ಸರಿನೊಳಗೆ ನೀರು ಕೂಡಿ ತುಕ್ಕು ಹಿಡಿಯುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ. ಎಳ್ಳಮಾವಾಸ್ಯೆಗೆ ಮನೆಮಂದಿ ಬಂಡಿ, ಟ್ರ್ಯಾಕ್ಟರಿನಲ್ಲಿ ಭಜ್ಜಿ ರೊಟ್ಟಿಯ ಗಂಟು ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ನಾನು ಡಾಂಬರು ರಸ್ತೆ ಮುಗಿಯುವವರೆಗೆ ಸ್ಟಾರ್ಮಿನಲ್ಲಿ ಹೋಗಿ, ಅಲ್ಲಿ ನಿಲ್ಲಿಸಿ ನಡೆಯುತ್ತೇನೆ. ಅದರ ಹೊಟ್ಟೆ ನೆಲಕ್ಕೆ ಬಹಳ ಹತ್ತಿರ.

ಬಯಲಲ್ಲಿ ನಿಲ್ಲುವುದಕ್ಕೆ ಒಂದು ದೊಡ್ಡ ಗುಣವೂ ಉಂಟು. ಅದು ತಿಳಿದದ್ದು 2020ರ ಅಕ್ಟೋಬರಿನಲ್ಲಿ. ಮಹಾರಾಷ್ಟ್ರದಲ್ಲಿ ಮಳೆ ಸುರಿದು ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟಾಗ ಭೀಮಾ ಉಕ್ಕಿತು. ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹೊರಬಿತ್ತು. ಘತ್ತರಗಿಯ ಭಾಗ್ಯವಂತಿಯ ಗುಡಿಗೆ ನೀರು ನುಗ್ಗಿತು, ಹೊಳೆದಂಡೆಯ ಊರುಗಳ ಜನ ದನಕರು ಹೊಡೆದುಕೊಂಡು ಎತ್ತರದ ಕಡೆ ನಡೆದರು. ನಮ್ಮ ಗಾಡಿ ಗಿಡದ ಕೆಳಗೆ ಮುಖ ರಸ್ತೆಗೆ ಮಾಡಿ ನಿಂತಿತ್ತು, ಬ್ಯಾಟರಿ ಜೀವಂತವಿತ್ತು. ಕೀಲಿಕೈ ತಿರುವಿದೊಡನೆ ಎದ್ದಿತು, ದಿಬ್ಬ ಏರಿತು. ಎರಡು ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಯಮಲೂರಿನ ಎಪ್ಸಿಲಾನ್ ಬಡಾವಣೆಯ ಬಂಗಲೆಗಳೆದುರು ಬೆಂಟ್ಲಿ, ಲೆಕ್ಸಸ್ ಕಾರುಗಳು ನೀರಿನಲ್ಲಿ ಮುಳುಗಿ ನಿಂತ ಚಿತ್ರಗಳನ್ನು ನೋಡಿ ನನಗೆ ಸಂಕಟವಾಯಿತು. ಎಂಥ ಕಾಂಪೌಂಡೂ, ಎಂಥ ಕಾವಲೂ ನೀರನ್ನು ತಡೆಯದು. ಮುಳುಗಿದ ಗಾಡಿಯನ್ನು ಆತುರದಲ್ಲಿ ಚಾಲೂ ಮಾಡುವುದು ಇನ್ನೂ ಕೆಟ್ಟದ್ದು. ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನು ಮೇಲೆ ಬಂದು ಅದಕ್ಕೆ ಹೊಡೆದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ದುಬೈಯಿಂದ ತಮ್ಮ ಫೋನು ಮಾಡಿದಾಗಲೆಲ್ಲ ಹೇಳುತ್ತಾನೆ: "ಅಣ್ಣಾ, ನಾಕೂ ಕಡಿಗಿ ಪತ್ರಾಸ್ ಹೊಡಸಿ ಶೆಡ್ ಹಾಕ್ಸಿಬಿಡು. ರೊಕ್ಕ ನಾ ಕಳಸ್ತೀನಿ." ಅವನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಾಲ್ಕೂ ಕಡೆ ತಗಡು ಹೊಡೆದ ಶೆಡ್ಡು ನಮ್ಮ ಮೇ ತಿಂಗಳಲ್ಲಿ ಬಯಲಿಗಿಂತ ಕೆಟ್ಟದಾಗಿ ಕಾಯುತ್ತದೆ. ಇಲ್ಲಿಗೆ ಬೇಕಾದದ್ದು ಹಂದರ. ನಾಲ್ಕು ಕಂಬ, ಮೇಲೆ ಇಳಿಜಾರಾಗಿ ಪತ್ರಾಸು, ಅದರ ಮೇಲೆ ಒಂದು ಮೊಳ ತೊಗರಿ ಕಟ್ಟಿಗೆ, ಪಡುವಣ ಕಡೆಗೆ ಮಾತ್ರ ಒಂದು ತಟ್ಟಿ, ಉಳಿದ ಮೂರೂ ಕಡೆ ಗಾಳಿಗೆ ತೆರವು. ನೆಲಕ್ಕೆ ಗರಸು ಹಾಸಿ ಗಟ್ಟಿ ಮಾಡಿದರೆ ಎರೆಮಣ್ಣಿನ ತೇವವೂ ಮೇಲೇರದು. ತಮ್ಮ ಇದಕ್ಕೆ ಒಪ್ಪಿದ್ದಾನೆ. ಕಂಬಕ್ಕೆ ಹೊಲದ ಬದುವಿನ ಜಾಲಿ ಕೊಡುತ್ತೇನೆಂದು ಕಾಕಾ ಹೇಳಿದ್ದಾರೆ. ಎತ್ತರದ ಲೆಕ್ಕ ಮಾತ್ರ ಇನ್ನೂ ಬಗೆಹರಿದಿಲ್ಲ. ಮಾಡು ಬಿಚ್ಚಿ ಮಡಚುವಷ್ಟು ಇದ್ದರೆ ನನಗೆ ಸಾಕು. ಮೇವು ಹೇರಿದ ಬಂಡಿಯೂ ಅದರ ಕೆಳಗೆ ಹೋಗುವಷ್ಟು ಇರಬೇಕೆಂದು ಕಾಕಾ ಹಟ ಹಿಡಿದಿದ್ದಾರೆ.